ಹೋಗುವ ಹೊತ್ತು, ಬರುವ ಹೊತ್ತು

ಯಾವ ಕಾಗದ ಕೈಗೆ ಸಿಕ್ಕಿದರೂ ಚಾಮಯ್ಯನ ಕಣ್ಣು ಮೊದಲು ಹುಡುಕುವುದು ಎರಡೇ ಸಂಗತಿ: ಬಿಟ್ಟದ್ದು ಎಷ್ಟಕ್ಕೆ, ಮುಟ್ಟಿದ್ದು ಎಷ್ಟಕ್ಕೆ. ಮದುವೆ ಕಾಗದ ಕೊಟ್ಟರೆ ಗಂಡು ಹೆಣ್ಣಿನ ಹೆಸರು ಬಿಟ್ಟು ನೇರ ಮುಹೂರ್ತದ ಸಾಲಿಗೆ ಹೋಗಿ, ಒಂಬತ್ತೂ ಹತ್ತರಿಂದ ಹತ್ತು ಗಂಟೆ, ಅಂದರೆ ಐವತ್ತು ನಿಮಿಷ, ಎಂದುಕೊಳ್ಳುವವನು. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷ ಕಂಟ್ರೋಲರಾಗಿ ಕೂತವನಿಗೆ ಇನ್ನೇನು ಕಂಡೀತು? ಹಾಗಾಗಿ ಆ ಬೆಳಿಗ್ಗೆ ಅಣ್ಣನ ಮಗಳು ಸಂಘಮಿತ್ರಾ ಕ್ಯಾಬಿನ್ನಿನ ಕಿಂಡಿಯೊಳಗೆ ತನ್ನ ವಿಮಾನದ ಟಿಕೆಟ್ಟನ್ನು ತೂರಿಸಿ, "ಚಿಕ್ಕಪ್ಪ, ಇದನ್ನೊಸಿ ನೋಡಿ," ಎಂದಾಗ ಅವನು ಅವಳ ಹೆಸರನ್ನಾಗಲಿ, ಅದರ ಮೂಲೆಯಲ್ಲಿದ್ದ ವಿಮಾನದ ಚಿತ್ರವನ್ನಾಗಲಿ ನೋಡಲಿಲ್ಲ. ಬೆಂಗಳೂರು ಬಿಡುವುದು ಬೆಳಿಗ್ಗೆ ಏಳಕ್ಕೆ, ಲಂಡನ್ ಮುಟ್ಟುವುದು ಮಧ್ಯಾಹ್ನ ಒಂದಕ್ಕೆ. ಹತ್ತು ದಿನ ಬಿಟ್ಟು ಲಂಡನ್ ಬಿಡುವುದು ಮಧ್ಯಾಹ್ನ ಎರಡೂಕಾಲಿಗೆ, ಬೆಂಗಳೂರು ಮುಟ್ಟುವುದು ಮಾರನೆಯ ದಿನ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ. ಪೆನ್ನನ್ನು ಕಿವಿಯ ಮೇಲಿಂದ ತೆಗೆದು ಕಾಗದದ ಅಂಚಿನಲ್ಲಿ ಬರೆದ: ಆರು ಗಂಟೆ. ಹದಿನಾಲ್ಕೂವರೆ ಗಂಟೆ.

ಹಾಗೆ ಬರೆಯುವಾಗಲೂ ಅವನ ಮನಸ್ಸು ಅಲ್ಲಿ ಪೂರ್ತಿ ಇರಲಿಲ್ಲ. ಮಧ್ಯಾಹ್ನ ಮೂರೂಕಾಲಿಗೆ ಡಿಪೋ ಆಫೀಸಿನಲ್ಲಿ ಬೆಟ್ಟಸ್ವಾಮಿಯ ವಿಚಾರಣೆ ಇತ್ತು. ನಂಜನಗೂಡು-ನರಸೀಪುರ ರೂಟಿನ ಡ್ರೈವರ್ ಬೆಟ್ಟಸ್ವಾಮಿ. ಆರು ತಿಂಗಳಲ್ಲಿ ನಲವತ್ತೊಂದು ಸಲ ತಡ, ಅಷ್ಟೂ ವಾಪಸ್ ಟ್ರಿಪ್ಪಿನಲ್ಲೇ. ಹೋಗುವಾಗ ಸರಿಯಾಗಿ ಅರವತ್ತು ನಿಮಿಷಕ್ಕೆ ಮುಟ್ಟುವವನು ಬರುವಾಗ ಎಪ್ಪತ್ತೆರಡು, ಎಪ್ಪತ್ತೈದು, ಒಮ್ಮೊಮ್ಮೆ ಎಂಬತ್ತು. ನಲವತ್ತೊಂದು ಸಲವೂ ಷರಾ ಕಾಲಮ್ಮಿನಲ್ಲಿ 'ಕಾರಣವಿಲ್ಲದ ವಿಳಂಬ' ಎಂದು ತನ್ನ ದುಂಡು ಅಕ್ಷರದಲ್ಲಿ ಬರೆದವನು ಚಾಮಯ್ಯನೇ. ಇವತ್ತು ಮೈಸೂರಿನಿಂದ ಬರುವ ಅಧಿಕಾರಿ ಅವನನ್ನು ಒಂದೇ ಪ್ರಶ್ನೆ ಕೇಳುತ್ತಾನೆ, ಇದು ನಿಮ್ಮ ಷರಾ ತಾನೆ, ನಿಜ ತಾನೆ ಎಂದು. ಹೌದು ಎಂದರೆ ಬೆಟ್ಟಸ್ವಾಮಿಯ ಕೆಲಸ ಹೋಗುತ್ತದೆ. ಇದು ಅವನ ಮೇಲಿನ ಮೂರನೆಯ ಕೇಸು. ಹೌದು ಎನ್ನದೆ ಇನ್ನೇನು ಎನ್ನಲಿ? ಬರೆದದ್ದು ಸುಳ್ಳಲ್ಲವಲ್ಲ. ಗಡಿಯಾರ ನೋಡಿಯೇ ಬರೆದದ್ದು. ಒಂದು ದಿನ ಬೆಟ್ಟಸ್ವಾಮಿ ಇದೇ ಕಿಂಡಿಗೆ ಬಾಯಿಟ್ಟು, "ಬರೋವಾಗ ಕಬ್ಬಿನ ಗಾಡಿ ಸಾಲು ಸಾ, ಒಂದು ದಿನ ನನ್ ಜೊತೇಲಿ ಬಂದು ನೋಡಿ," ಎಂದಿದ್ದ. ಚಾಮಯ್ಯ, "ದಾರಿ ಒಂದೇ ಕಣಯ್ಯ. ಓಗೋವಾಗ ಇಪ್ಪತ್ತೆಂಟು ಕಿಲೋಮೀಟ್ರು ಇದ್ದದ್ದು ಬರೋವಾಗ ನಲವತ್ತಾಯ್ತದಾ?" ಎಂದಿದ್ದ. ಸುತ್ತ ನಿಂತವರೆಲ್ಲ ನಕ್ಕಿದ್ದರು. ಬೆಟ್ಟಸ್ವಾಮಿಯೂ ನಕ್ಕ, ನಗದೆ ವಿಧಿಯಿಲ್ಲದವರು ನಗುವ ಹಾಗೆ. ಆ ನಗು ಯಾಕೋ ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಚಾಮಯ್ಯನಿಗೆ ನೆನಪಾಗಿತ್ತು.

"ಲಂಡನ್ನಿಗೆ ಆರು ಗಂಟೆ ಕಣಮ್ಮ. ಬರೋವಾಗ ಹದಿನಾಲ್ಕೂವರೆ," ಎಂದ.

"ನಮ್ ಕೋಚ್ ಸಾರು ಹತ್ತೂವರೆ ಅಂತಾರೆ ಚಿಕ್ಕಪ್ಪ. ಟಿಕೆಟ್ ನೋಡಿದ್ರೆ ಹಿಂಗದೆ. ಸರಿಯಾದ ಲೆಕ್ಕ ಅವ್ವಂಗೆ ಯೋಳ್ಬೇಕು."

"ನಿಮ್ಮವ್ವಂಗ್ಯಾಕೆ?"

"ನಾನು ನೆಲಕ್ಕಿಳಿಯೋಗಂಟ ಬಾಯಿಗೆ ತುತ್ತಿಡಕಿಲ್ವಂತೆ. ಬ್ಯಾಡ ಅಂದ್ರೂ ಕೇಳಕಿಲ್ಲ. ಆರಾದ್ರೆ ಹೆಂಗೋ ಆಯ್ತದೆ. ಹದಿನಾಲ್ಕಾದ್ರೆ? ಸಕ್ರೆ ಕಾಯ್ಲೆ ಅವ್ವ, ಬಿದ್ದೋಯ್ತಾಳೆ."

ಸಂಘಮಿತ್ರಾ ಖೋ ಖೋ ಆಡುವವಳು. ನರಸೀಪುರದ ಹೆಣ್ಣುಮಕ್ಕಳ ತಂಡವನ್ನು ಲಂಡನ್ನಿನ ಕನ್ನಡಿಗರ ಸಂಘದವರು ಪ್ರದರ್ಶನ ಪಂದ್ಯಕ್ಕೆಂದು ಕರೆಸಿಕೊಳ್ಳುತ್ತಿದ್ದರು. ಮನೆತನದಲ್ಲೇ ವಿಮಾನ ಹತ್ತುವ ಮೊದಲನೆಯವಳು ಅವಳು. ಚಾಮಯ್ಯನಿಗೆ ಹೆಮ್ಮೆ ಇತ್ತು. ಆದರೆ ಹೆಮ್ಮೆಯನ್ನು ತೋರಿಸುವ ಬಗೆ ಅವನಿಗೆ ಗೊತ್ತಿದ್ದದ್ದು ಒಂದೇ, ತಮಾಷೆ. ಪಕ್ಕದಲ್ಲಿ ಸಣ್ಣಯ್ಯ ಕೂತಿದ್ದ. ಕಾಲು ಮುರಿದುಕೊಂಡು ಬಸ್ ಹತ್ತಲಾರದೆ ಕ್ಯಾಬಿನ್ನಿನಲ್ಲಿ ಕೂತು ಬರೆದುಕೊಡುವ ಕಂಡಕ್ಟರ್ ಅವನು. "ನೋಡ್ಲಾ ಸಣ್ಣಯ್ಯ," ಎಂದು ಚಾಮಯ್ಯ ಹೊರಗಿನವರಿಗೂ ಕೇಳುವ ಹಾಗೆ ಅಂದ, "ಆರು ಗಂಟೆ ದಾರೀನ ಹದಿನಾಲ್ಕೂವರೆ ಓಡುಸ್ತಾನಂತೆ. ಇವನಿಗೊಂದು ಮೆಮೊ ಕೊಡ್ಬೇಕು ಕಣ್ಲಾ. ಇವ್ನು ನಮ್ ಬೆಟ್ಟಸ್ವಾಮಿಗೆ ಅಣ್ಣನೇ ಇರಬೇಕು."

ಸಣ್ಣಯ್ಯ ನಕ್ಕ. ಆದರೆ ಎದುರಿನ ಪೇಪರ್ ಅಂಗಡಿಯ ಸಿದ್ದಮಲ್ಲಪ್ಪ ನಕ್ಕದ್ದು ಬೇರೆ ಥರ. ಹಣೆಯ ತುಂಬ ವಿಭೂತಿ ಬಳಿದುಕೊಂಡು ದಿನವಿಡೀ ಮಾರುವ ಪೇಪರುಗಳನ್ನೇ ಓದುತ್ತ ಕೂರುವ ಸಿದ್ದಮಲ್ಲಪ್ಪನಿಗೆ ಯಾರಾದರೂ ತಪ್ಪು ಹೇಳಿದರೆ ಹಬ್ಬ. "ಕಂಟ್ರೋಲರೇ, ಲಂಡನ್ನಿನ ಲಾರ್ಡ್ಸಲ್ಲಿ ಮ್ಯಾಚ್ ಇದ್ರೆ ನೀವು ಟ್ರಾನ್ಸಿಸ್ಟರ್ ಎಷ್ಟಕ್ಕೆ ಹಾಕ್ತೀರಿ?" ಎಂದು ಕೂತಲ್ಲಿಂದಲೇ ಕೇಳಿದ.

"ಮೂರೂವರೆಗೆ."

"ಅವರು ಅಲ್ಲಿ ಆಟ ಶುರು ಮಾಡೋದು ಬೆಳಿಗ್ಗೆ ಹನ್ನೊಂದಕ್ಕೆ. ಬೆಳಗಿನ ತಿಂಡಿ ತಿಂದು. ಅವರ ಗಡಿಯಾರ ಬೇರೆ, ನಮ್ಮದು ಬೇರೆ ಕಣ್ರೀ. ನಾಲ್ಕೂವರೆ ಗಂಟೆ ನಾವು ಮುಂದೆ. ಇಷ್ಟು ವರ್ಷ ಮ್ಯಾಚ್ ಕೇಳಿ ಅದು ಗೊತ್ತಾಗಲಿಲ್ವಾ?"

ಸುತ್ತ ಇದ್ದವರು ನಕ್ಕರು. ಸಂಘಮಿತ್ರಾ ಕೂಡ ತುಟಿ ಕಚ್ಚಿಕೊಂಡಳು. ಚಾಮಯ್ಯನಿಗೆ ಕಿವಿ ಬಿಸಿಯಾಯಿತು. ಗಡಿಯಾರದ ವಿಷಯದಲ್ಲಿ ಅವನನ್ನು ನೋಡಿ ಯಾರೂ ನಕ್ಕವರಿರಲಿಲ್ಲ. ನಕ್ಕಿದ್ದರು, ಒಂದು ಕಾಲದಲ್ಲಿ. ಊರಿನ ಶಾಲೆಯಲ್ಲಿ ಗಡಿಯಾರ ಒಳಗಿನ ಗೋಡೆಗೆ ತಗುಲಿಹಾಕಿತ್ತು, ಅವನೂ ಅವನಣ್ಣನೂ ಕೂರುತ್ತಿದ್ದದ್ದು ಹೊರಗಿನ ಜಗಲಿಯಲ್ಲಿ. ಹೊತ್ತೆಷ್ಟೆಂದು ಒಳಗಿನವರನ್ನು ಕೇಳಿದರೆ ಬೇಕೆಂದೇ ತಪ್ಪು ಹೇಳುತ್ತಿದ್ದರು. ಊಟದ ಬೆಲ್ಲಾಯಿತೆಂದು ಅವನೊಬ್ಬನೇ ಎದ್ದು ನಿಂತು ಮೇಷ್ಟರ ಕೈಲಿ ಏಟು ತಿಂದದ್ದುಂಟು. ನೌಕರಿ ಸಿಕ್ಕಾಗ ಮೊದಲ ಸಂಬಳದಲ್ಲಿ ಅವನು ಕೊಂಡದ್ದು ವಾಚು. ಗಡಿಯಾರ ಯಾರ ಕೇರಿಯನ್ನೂ ಕೇಳುವುದಿಲ್ಲ, ದೊಡ್ಡಮನುಷ್ಯರಿಗೆಂದು ಒಂದು ನಿಮಿಷ ನಿಲ್ಲುವುದಿಲ್ಲ. ಒಬ್ಬ ಗೌಡರು ಹೆಂಡತಿ ಇನ್ನೂ ಸೀರೆ ಉಡುತ್ತಿದ್ದಾಳೆ, ಐದು ನಿಮಿಷ ಬಸ್ ನಿಲ್ಲಿಸು ಎಂದಾಗ ಚಾಮಯ್ಯ ಅವರ ಮುಖ ನೋಡಿಕೊಂಡೇ ವಿಷಲ್ ಊದಿದ್ದ. ಆ ಸುಖವನ್ನು ಅವನು ಇವತ್ತಿಗೂ ಮರೆತಿಲ್ಲ. ಬೆಟ್ಟಸ್ವಾಮಿ ತನ್ನ ಕೇರಿಯವನೇ. ತಮ್ಮವನೆಂದು ಬಿಟ್ಟ ಎಂದು ಯಾರೂ ಆಡಿಕೊಳ್ಳಬಾರದೆಂದು ಉಳಿದವರಿಗೆ ಎರಡು ನಿಮಿಷ ಬಿಡುತ್ತಿದ್ದ ಕಡೆ ಬೆಟ್ಟಸ್ವಾಮಿಗೆ ಅರ್ಧ ನಿಮಿಷವನ್ನೂ ಬಿಟ್ಟಿರಲಿಲ್ಲ ಎಂಬುದು ಅವನೊಬ್ಬನಿಗೆ ಗೊತ್ತು. ಅದು ನ್ಯಾಯವೇ ಎಂದು ತನ್ನನ್ನು ತಾನು ಕೇಳಿಕೊಂಡಾಗಲೆಲ್ಲ ಅವನು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದ.

ಈಗಲೂ ಹುಡುಕಿಕೊಂಡ. ಟಿಕೆಟ್ಟನ್ನು ಮತ್ತೆ ಎಳೆದುಕೊಂಡು ಲೆಕ್ಕ ತಿದ್ದಿದ. ಹೋಗುವಾಗ ಆರಕ್ಕೆ ನಾಲ್ಕೂವರೆ ಕೂಡಿಸಬೇಕು, ಹತ್ತೂವರೆ. ಬರುವಾಗ ಹದಿನಾಲ್ಕೂವರೆಯಲ್ಲಿ ನಾಲ್ಕೂವರೆ ಕಳೆಯಬೇಕು, ಹತ್ತು. ಸರಿಹೋಯಿತು, ಅವನ ಎದೆ ಹಗುರಾಯಿತು, ದಾರಿ ದಾರಿಯ ಹಾಗೆಯೇ ಇದೆ ಎಂದುಕೊಳ್ಳುವಷ್ಟರಲ್ಲಿ ಪೆನ್ನು ನಿಂತಿತು. ಸರಿಹೋಗಿರಲಿಲ್ಲ. ಒಂದು ಕಡೆ ಹತ್ತೂವರೆ, ಇನ್ನೊಂದು ಕಡೆ ಹತ್ತು. ಅದೇ ಎರಡು ಊರು, ಅದೇ ಕಂಪನಿಯ ವಿಮಾನ. ಅರ್ಧ ಗಂಟೆ ಎಲ್ಲಿ ಹೋಯಿತು?

"ಮೂವತ್ತು ನಿಮಿಷ ವ್ಯತ್ಯಾಸ ಬತ್ತದಲ್ಲ ಸಿದ್ದಮಲ್ಲಪ್ನೋರೆ?"

"ಅಷ್ಟು ದೂರದಲ್ಲಿ ಅರ್ಧ ಗಂಟೆ ಏನು ಮಹಾ, ಬಿಡಿ," ಎಂದ ಸಿದ್ದಮಲ್ಲಪ್ಪ. ಆದರೂ ಮಾರಲಿಟ್ಟಿದ್ದ ಡೈರಿಯೊಂದರ ಹಿಂದಿನ ಪುಟ ತೆರೆದು, ಬೆಂಗಳೂರು ಲಂಡನ್ ಎಂಟು ಸಾವಿರ ಕಿಲೋಮೀಟರಿಗೆ ಸ್ವಲ್ಪ ಮೇಲೆ ಎಂದು ಓದಿ ಹೇಳಿದ. ಅದು ಹೋಗುವ ದೂರವೋ ಬರುವ ದೂರವೋ ಎಂದು ಚಾಮಯ್ಯ ಕೇಳಿದ. ಸಿದ್ದಮಲ್ಲಪ್ಪ ಕನ್ನಡಕದ ಮೇಲಿಂದ ಅವನನ್ನೇ ನೋಡಿ ಡೈರಿ ಮುಚ್ಚಿದ.

ಬಿಡಲು ಆಗಲಿಲ್ಲ. ಹನ್ನೊಂದರ ಕೊಳ್ಳೇಗಾಲದ ಬಸ್ಸು ಬಂತು, ಹೋಯಿತು, ಬರೆದುಕೊಂಡ. ಗುಂಡ್ಲುಪೇಟೆಯದು ಬಂತು, ಬರೆದುಕೊಂಡ. ಅಷ್ಟರಲ್ಲೂ ಆ ಅರ್ಧ ಗಂಟೆ ಹಲ್ಲಿನ ಸಂದಿಯ ನಾರಿನ ಹಾಗೆ ನಾಲಗೆಗೆ ಸಿಗುತ್ತಲೇ ಇತ್ತು. ವಿಮಾನಕ್ಕೆ ರೈಲ್ವೆ ಗೇಟಿಲ್ಲ, ದನ ಅಡ್ಡ ಬರುವುದಿಲ್ಲ, ಸ್ಟಾಪಿಲ್ಲ. ಮತ್ತೇಕೆ? ಗುರುಬಸಮ್ಮನ ಕ್ಯಾಂಟೀನಿನಿಂದ ಇಡ್ಲಿ ತಿಂದು ಬಂದ ಸಂಘಮಿತ್ರಾಳನ್ನು ಕಂಡದ್ದೇ ಅವಳು ಕೂರುವುದಕ್ಕೂ ಬಿಡದೆ ಕೇಳಿದ. ಅವಳು ಕೈ ಒರೆಸಿಕೊಳ್ಳುತ್ತ, "ಗಾಳಿ ಅಂತೆ ಚಿಕ್ಕಪ್ಪ. ನಾನೂ ಕೋಚ್ ಸಾರನ್ನ ಕೇಳ್ದೆ. ಅಷ್ಟು ಎತ್ತರದಲ್ಲಿ ಯಾವಾಗ್ಲೂ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಬೀಸ್ತದಂತೆ. ಓಗೋವಾಗ ಎದುರುಗಾಳಿ, ಬರೋವಾಗ ಬೆನ್ನಿಗೆ," ಎಂದಳು.

"ಒಂದು ದಿನ ಬೀಸ್ಬೌದು, ಒಂದು ದಿನ ಬೀಸ್ದೆ ಇರ್ಬೌದು."

"ದಿನಾ ಬೀಸ್ತದಂತೆ. ಅದಕ್ಕೇ ಟೈಮ್ ಹಾಕೋವಾಗ್ಲೇ ಸೇರಿಸಿ ಹಾಕಿರ್ತಾರೆ."

"ಯಾರು?"

"ಯಾರು ಟೈಮ್ ಹಾಕ್ತಾರೋ ಅವರು."

ಚಾಮಯ್ಯ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಮತ್ತೆ ಓದಿದ. ಹೌದು, ಅಚ್ಚು ಹಾಕಿದ್ದಾರೆ. ಎದುರುಗಾಳಿ ಇದೆ, ಆದ್ದರಿಂದ ಇಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ಅಚ್ಚು ಹಾಕಿದ್ದಾರೆ. ಪೈಲಟ್ಟನ್ನು ಯಾರೂ ಕಿಂಡಿಯ ಮುಂದೆ ನಿಲ್ಲಿಸಿಕೊಂಡು ದಾರಿ ಒಂದೇ ಅಲ್ಲವೇನಯ್ಯ ಎನ್ನುವುದಿಲ್ಲ. ಯಾರು ಟೈಮ್ ಹಾಕುತ್ತಾರೋ ಅವರು. ಹುಡುಗಿ ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಆಡಿದ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಚಾಮಯ್ಯ ಹೆಗಲು ಮುಟ್ಟಿಕೊಳ್ಳಲಿಲ್ಲ, ಆದರೆ ಟಿಕೆಟ್ಟು ಹಿಡಿದ ಕೈಯನ್ನು ಮೇಜಿನ ಕೆಳಗೆ ಇಳಿಸಿದ.

ನರಸೀಪುರದ ರೂಟಿಗೆ ಟೈಮ್ ಹಾಕಿದವನು ಅವನೇ. ತೊಂಬತ್ತಮೂರರ ಅಕ್ಟೋಬರಿನಲ್ಲಿ, ಹದಿಮೂರು ವರ್ಷದ ಕೆಳಗೆ, ಆಗಿನ ಡಿಪೋ ಮ್ಯಾನೇಜರು ಅವನ ಕೈಗೆ ವಾಚು, ಹಲಗೆ, ಹಾಳೆ ಕೊಟ್ಟು, ಬಸ್ಸಿನಲ್ಲಿ ಹೋಗಿ ಬಂದು ಎರಡೂ ಕಡೆಯ ನಿಮಿಷ ಬರೆದುಕೊಂಡು ಬಾ, ಅದೇ ಮುಂದಕ್ಕೆ ರೂಟಿನ ವೇಳಾಪಟ್ಟಿಯ ಫಾರಂ ಆಗುತ್ತದೆ ಎಂದು ಕಳಿಸಿದ್ದರು. ಹೋದ. ಒಂದೊಂದು ಸ್ಟಾಪಿಗೂ ಬರೆದುಕೊಂಡ. ಸರಿಯಾಗಿ ಅರವತ್ತು ನಿಮಿಷ. ಅವತ್ತೇ ನರಸೀಪುರದಲ್ಲಿ ಅಣ್ಣನ ಮನೆಯವರು ಬುದ್ಧನ ದೀಕ್ಷೆ ತೆಗೆದುಕೊಳ್ಳುವ ದಿನ. ಮನೆ ಸುಣ್ಣ ಕಂಡಿತ್ತು, ಗೋಡೆಯಲ್ಲಿ ಹೊಸ ಪಟಗಳಿದ್ದವು, ಪಾಯಸದ ವಾಸನೆ ಬೀದಿಯವರೆಗೆ ಬರುತ್ತಿತ್ತು. ಅಣ್ಣನ ಏಳು ವರ್ಷದ ಮಗಳು ಚಿಕ್ಕತಾಯಿಗೆ ಬಿಳಿ ಲಂಗ ಉಡಿಸಿ ಇವತ್ತಿನಿಂದ ನೀನು ಸಂಘಮಿತ್ರಾ ಎಂದರು, ಅವಳು ಯಾರು ಕೂಗಿದರೂ ಓಗೊಡದೆ ಹೊಸ ಹೆಸರನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಕಂಬ ಸುತ್ತುತ್ತಿದ್ದಳು. ಚಾಮಯ್ಯನಿಗೆ ಅವಳನ್ನು ನೋಡುತ್ತ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ವಾಪಸ್ ಬಸ್ಸು ಹೋಯಿತು. ಉಂಡು, ಸಂಜೆಯವರೆಗೆ ಇದ್ದು, ಯಾರದೋ ಸ್ಕೂಟರಿನ ಹಿಂದೆ ಕೂತು ಬಂದ. ಮಾರನೆಯ ದಿನ ಹಾಳೆಯ ಎಡಗಡೆಯ ಅಂಕಿಗಳನ್ನೇ ಬಲಗಡೆಗೂ ಬರೆದುಕೊಟ್ಟ. ಅದರಲ್ಲೇನು ಮೋಸ, ದಾರಿ ಒಂದೇ ಅಲ್ಲವೇ ಎಂದು ಅವತ್ತೇ ತನಗೆ ತಾನೇ ಹೇಳಿಕೊಂಡದ್ದು. ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿತ್ತು. ಬರುವಾಗಿನ ದಾರಿಯನ್ನು ಅವನು ಅವತ್ತೂ ಅಳೆದಿರಲಿಲ್ಲ, ಆಮೇಲೂ ಅಳೆದಿರಲಿಲ್ಲ.

ಹನ್ನೆರಡೂವರೆಗೆ ಅವನ ಪಾಳಿ ಮುಗಿಯಿತು. ಬೆಟ್ಟಸ್ವಾಮಿಯ ಬಸ್ಸು ಹನ್ನೆರಡೂಮುಕ್ಕಾಲಿಗೆ ಹೊರಡುವುದು. ಸಂಘಮಿತ್ರಾ ಹತ್ತುತ್ತಿದ್ದಳು. "ತಾಳಮ್ಮ, ನಾನೂ ಬತ್ತೀನಿ," ಎಂದು ಚಾಮಯ್ಯ ಹಿಂದೆಯೇ ಹತ್ತಿದ. ಅವಳಿಗೆ ಆಶ್ಚರ್ಯ, ಕಂಡಕ್ಟರನಿಗೆ ಗಾಬರಿ, ಬೆಟ್ಟಸ್ವಾಮಿ ಮಾತ್ರ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣನ್ನು ರಸ್ತೆಗೆ ತಿರುಗಿಸಿದ. ಬಸ್ಸು ಎರಡಕ್ಕೆ ನರಸೀಪುರ ಬಿಟ್ಟು ಮೂರಕ್ಕೆ ವಾಪಸ್ ಬರುತ್ತದೆ, ವಿಚಾರಣೆಗೆ ಇನ್ನೂ ಕಾಲು ಗಂಟೆ ಉಳಿಯುತ್ತದೆ ಎಂದು ಚಾಮಯ್ಯ ಲೆಕ್ಕ ಹಾಕಿದ್ದ. ಅಧಿಕಾರಿಯೂ ಅದೇ ಫಾರಂ ನೋಡಿ, ಆಪಾದಿತನ ಡ್ಯೂಟಿ ಮುಗಿಯುವ ಹೊತ್ತಿಗೆಂದು ಮೂರೂಕಾಲು ಇಟ್ಟಿದ್ದ.

ಹೋಗುವ ದಾರಿ ಚೆನ್ನಾಗಿತ್ತು. ಎರಡೂ ಕಡೆ ಗದ್ದೆಯಲ್ಲಿ ನಾಟಿ, ನಾಲೆಯಲ್ಲಿ ಕೆಂಪು ನೀರು. ಸಂಘಮಿತ್ರಾ ಕಿಟಕಿಯ ಪಕ್ಕ ಕೂತು ಒಂದೇ ಸಮನೆ ಕೇಳುತ್ತಿದ್ದಳು: ವಿಮಾನದಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ, ಏಳಕ್ಕೆ ಹೊರಟು ಸೂರ್ಯನ ಜೊತೆಗೇ ಪಶ್ಚಿಮಕ್ಕೆ ಹೋದರೆ ಆ ದಿನ ಉದ್ದವಾಗುತ್ತದಲ್ಲ, ಹಾಗಾದರೆ ನಾನು ಆ ನಾಲ್ಕೂವರೆ ಗಂಟೆ ಜಾಸ್ತಿ ಬದುಕಿದ ಹಾಗೆಯೋ? ಚಾಮಯ್ಯನಿಗೂ ಕುತೂಹಲ ಹತ್ತಿತು. ಬರುವಾಗ ಅಷ್ಟನ್ನೂ ಕಿತ್ತುಕೊಳ್ಳುತ್ತಾರೆ ಬಿಡು ಎಂದ. ಎಂಟು ಸಾವಿರವನ್ನು ಹತ್ತರಿಂದ ಭಾಗಿಸಿದ: ಗಂಟೆಗೆ ಎಂಟುನೂರು. ಆ ಲೆಕ್ಕದಲ್ಲಿ ನಂಜನಗೂಡಿನಿಂದ ನರಸೀಪುರಕ್ಕೆ ಎರಡು ನಿಮಿಷ. ಈ ಬಸ್ಸಿನ ಲೆಕ್ಕದಲ್ಲಿ ಲಂಡನ್ನಿಗೆ ಹಗಲೂ ರಾತ್ರಿ ಓಡಿಸಿದರೆ ಹನ್ನೆರಡು ದಿನ. ಅವಳು ನಕ್ಕು, "ಅಷ್ಟರಲ್ಲಿ ಅವ್ವ ಸತ್ತೇ ಓಯ್ತಾಳೆ ಉಪವಾಸ," ಎಂದಳು. ಎದುರಿನಿಂದ ಕಬ್ಬು ತುಂಬಿದ ಗಾಡಿಗಳು ಕಾರ್ಖಾನೆಯ ಕಡೆಗೆ ಬರುತ್ತಿದ್ದವು. ಅವುಗಳ ಪಾಲಿನ ಪಕ್ಕ ಅವುಗಳದ್ದು, ಕಬ್ಬು ಇಳಿಸಿದ ಗಾಡಿಗಳು ಇನ್ನೂ ಕಾರ್ಖಾನೆ ಬಿಟ್ಟಿರಲಿಲ್ಲವಾದ್ದರಿಂದ ಬಸ್ಸಿನ ಪಕ್ಕ ಖಾಲಿ. ಸರಕ್ಕನೆ ಮುಂದೆ ಹೋಗುತ್ತಿತ್ತು ಬಸ್ಸು. ಒಂದೂಮುಕ್ಕಾಲಿಗೆ ನರಸೀಪುರ. ಇಳಿಯುವಾಗ ಸಂಘಮಿತ್ರಾ ಬಗ್ಗಿ ಕಾಲು ಮುಟ್ಟಲು ಹೋದಳು. ಅವರ ಮನೆಯಲ್ಲಿ ಆ ಪದ್ಧತಿ ಬಿಟ್ಟು ಎಷ್ಟೋ ವರ್ಷವಾಗಿತ್ತು. "ಹತ್ತೂವರೆ ಗಂಟೆ ಅಂತ ಯೋಳು ನಿಮ್ಮವ್ವಂಗೆ. ಏಳಕ್ಕೆ ಮುಂಚೆ ಹೊಟ್ಟೆ ತುಂಬ ಉಣ್ಲಿ, ಸಂಜೆ ಐದೂವರೆಗೆ ಮತ್ತೆ ಉಣ್ಲಿ. ಲಂಡನ್ ಗಡಿಯಾರ ನೋಡ್ಬ್ಯಾಡ ಅನ್ನು," ಎಂದ. ಅವಳು ಹೋಗುವುದನ್ನು ನೋಡುತ್ತ ನಿಂತ. ಓಡುವವರ ನಡಿಗೆ, ನೆಲಕ್ಕೆ ಹಿಮ್ಮಡಿ ತಾಗುವುದೇ ಇಲ್ಲ.

ವಾಪಸ್ ಬರುವಾಗ ಅವನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತ. ಎರಡಕ್ಕೆ ಸರಿಯಾಗಿ ಹೊರಟಿತು. ಎರಡು ಮೈಲಿ ದಾಟುವಷ್ಟರಲ್ಲಿ ಮುಂದೆ ಗಾಡಿಯ ಸಾಲು ಸಿಕ್ಕಿತು. ಈಗ ಅವು ಎದುರಿಗೆ ಬರುತ್ತಿರಲಿಲ್ಲ, ಬಸ್ಸಿನ ಮುಂದೆ ಅದೇ ಕಡೆಗೆ ನಡೆಯುತ್ತಿದ್ದವು. ಗಾಡಿಯ ಹಿಂದೆ ಗಾಡಿ, ಎತ್ತುಗಳ ಬೆನ್ನಿನ ಮೇಲೆ ನೊಣ, ಮೇಲೆ ಮಲಗಿದ ಗಾಡಿಯವನ ಜೋತಾಡುವ ಕಾಲು. ದಾಟೋಣವೆಂದರೆ ಎದುರಿನಿಂದ ಖಾಲಿ ಗಾಡಿಗಳು ಓಡೋಡಿ ಬರುತ್ತಿವೆ, ಕಾರ್ಖಾನೆಯಿಂದ ಮನೆಗೆ. ನಾಲೆಯ ಸೇತುವೆಯ ಮೇಲೆ ಒಂದು ಬಸ್ಸಿಗಷ್ಟೇ ಜಾಗ. ಬೆಟ್ಟಸ್ವಾಮಿ ಹಾರನ್ ಹೊಡೆಯಲಿಲ್ಲ, ಬೈಯಲಿಲ್ಲ. ಕಾದ. ಗ್ಯಾಪು ಸಿಕ್ಕಾಗ ಮೂರು ಗಾಡಿ ದಾಟಿದ, ಮತ್ತೆ ನಿಂತ. ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿದ. ಕೂಲಿ ಮುಗಿಸಿದ ಹೆಂಗಸರು ಕುಡುಗೋಲು, ಹುಲ್ಲಿನ ಹೊರೆ ಹೊತ್ತು ಹತ್ತುತ್ತಿದ್ದರು. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಚಾಮಯ್ಯ ಯಾರೆಂದು ತಿಳಿಯದೆ, "ಈ ಮಗ ಒಬ್ಬನೇ ಕಣಪ್ಪ ಕೈ ತೋರಿದ್ರೆ ನಿಲ್ಸೋನು. ಉಳ್ದೋರು ಟೈಮಿಲ್ಲ ಟೈಮಿಲ್ಲ ಅಂತ ಓಡೋಯ್ತಾರೆ," ಎಂದಳು. ಚಾಮಯ್ಯನಿಗೆ ಆಗ ಹೊಳೆಯಿತು. ಉಳಿದ ಡ್ರೈವರುಗಳು ಅರವತ್ತು ನಿಮಿಷಕ್ಕೆ ಹೇಗೆ ಮುಟ್ಟುತ್ತಾರೆಂದು ಹದಿಮೂರು ವರ್ಷ ಅವನು ಕೇಳಿರಲೇ ಇಲ್ಲ. ಇವರನ್ನೆಲ್ಲ ದಾರಿಯಲ್ಲಿ ಬಿಟ್ಟು ಮುಟ್ಟುತ್ತಿದ್ದರು. ಅವರ ಷರಾ ಕಾಲಮ್ಮು ಶುದ್ಧವಾಗಿತ್ತು. ಅವನಿಗೆ ನಾಚಿಕೆಯಾಯಿತು. ಆದರೂ, ವಿಚಿತ್ರವೆಂದರೆ, ಕೈ ಮಾತ್ರ ತನ್ನ ಪಾಡಿಗೆ ಒಂದೊಂದು ಸ್ಟಾಪಿನ ಹೊತ್ತನ್ನೂ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುತ್ತಿತ್ತು. ಮುಂದಿನ ಸ್ಟಾಪಿಗೆ ಎಷ್ಟಾದೀತು ಎಂದು ತಿಳಿಯುವ ಆಸೆ ನಾಚಿಕೆಯ ಪಕ್ಕದಲ್ಲೇ ಕೂತಿತ್ತು.

ಬಸ್ಸು ನಂಜನಗೂಡು ಮುಟ್ಟಿದ್ದು ಮೂರೂ ಹತ್ತೊಂಬತ್ತಕ್ಕೆ. ಎಪ್ಪತ್ತೊಂಬತ್ತು ನಿಮಿಷ.

ಅಧಿಕಾರಿ ವಯಸ್ಸಿನಲ್ಲಿ ಚಾಮಯ್ಯನ ಮಗನಷ್ಟಿದ್ದ. ಬೆಟ್ಟಸ್ವಾಮಿಯೂ ಚಾಮಯ್ಯನೂ ಒಟ್ಟಿಗೆ ಒಳಗೆ ಬಂದದ್ದು ನೋಡಿ, ಗೋಡೆ ಗಡಿಯಾರ ನೋಡಿ, "ಆಪಾದಿತ ಲೇಟು, ಅರ್ಥವಾಗುತ್ತೆ. ಸಾಕ್ಷಿಯೂ ಲೇಟೇನ್ರೀ? ಹತ್ತು ನಿಮಿಷದಿಂದ ಕಾಯ್ತಿದೀನಿ," ಎಂದ. ಆಮೇಲೆ ರಿಜಿಸ್ಟರು ತಿರುಗಿಸಿ ನಲವತ್ತೊಂದು ಷರಾಗಳನ್ನು ಬೆರಳಿನಿಂದ ಒಂದೊಂದಾಗಿ ತೋರಿಸುತ್ತ, "ಇದೆಲ್ಲ ನಿಮ್ಮ ಕೈಬರಹ ತಾನೆ? ಕಾರಣವಿಲ್ಲದ ವಿಳಂಬ. ಹೌದು ಅಂತ ಹೇಳಿ ಸಹಿ ಹಾಕಿ, ಮುಗಿಸೋಣ," ಎಂದ.

"ಕೈಬರಹ ನಂದೇ ಸರ್. ವಿಳಂಬ ನಿಜ. ಕಾರಣ ಇತ್ತು."

"ಏನು?"

"ನಾನು."

ಅಧಿಕಾರಿ ಪೆನ್ನು ಕೆಳಗಿಟ್ಟ. ಚಾಮಯ್ಯ ಹೇಳಿದ, ನಿಧಾನವಾಗಿ, ಬರೆಸುವವರ ಹಾಗೆ: ತೊಂಬತ್ತಮೂರರ ಅಕ್ಟೋಬರ್, ಹೋದದ್ದು, ಪಾಯಸ ಉಂಡದ್ದು, ಸ್ಕೂಟರು, ಎಡಗಡೆಯ ಅಂಕಿ ಬಲಗಡೆಗೆ ಬರೆದದ್ದು. ಪಾಯಸದ ಮಾತು ಬೇಕಿರಲಿಲ್ಲ, ಆದರೂ ಹೇಳಿದ. ಟಿಕೆಟ್ಟಿನ ಹಿಂದೆ ಬರೆದುಕೊಂಡ ಹೊತ್ತುಗಳನ್ನು ಮೇಜಿನ ಮೇಲಿಟ್ಟ. "ವಿಮಾನಕ್ಕೂ ಹೋಗೋಕೆ ಒಂದು ಹೊತ್ತು ಬರೋಕೆ ಒಂದು ಹೊತ್ತು ಹಾಕ್ತಾರಂತೆ ಸರ್. ನಾನು ಹಾಕಲಿಲ್ಲ," ಎಂದ. ಅಧಿಕಾರಿಗೆ ವಿಮಾನ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಆದರೆ ಆ ಹುಡುಗ ಕೆಟ್ಟವನಾಗಿರಲಿಲ್ಲ. 'ರಿಟೈರ್ಮೆಂಟಿಗೆ ಎಂಟು ತಿಂಗಳಿದೆ ನಿಮಗೆ. ಇದನ್ನು ಬರೆದುಕೊಂಡರೆ ಕೇಸು ನಿಮ್ಮ ಮೇಲೆ ತಿರುಗುತ್ತೆ, ಯೋಚನೆ ಮಾಡಿ' ಎಂಬರ್ಥದ ಮಾತನ್ನು ಎರಡು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿದ. ಚಾಮಯ್ಯ ಯೋಚನೆ ಮಾಡಿದ. ಭಯವಾಯಿತು. ಪೆನ್ಷನ್ನು, ಹೆಂಡತಿ, ಸಿದ್ದಮಲ್ಲಪ್ಪನ ನಗು, ಎಲ್ಲವೂ ಒಟ್ಟಿಗೆ ಬಂದು ನಿಂತವು. ಬರೆದುಕೊಳ್ಳಿ ಸರ್ ಎಂದ. ದುಂಡು ಅಕ್ಷರದಲ್ಲಿ ಸಹಿ ಹಾಕಿದ. ಬೆಟ್ಟಸ್ವಾಮಿಯ ಮೇಲಿನ ಆಪಾದನೆ ಕೈಬಿಡಲಾಗಿದೆ ಎಂಬ ಸಾಲನ್ನು ಅಧಿಕಾರಿ ಅವನ ಮುಂದೆಯೇ ಬರೆದ.

ಹೊರಗೆ ವರಾಂಡದಲ್ಲಿ ಬೆಟ್ಟಸ್ವಾಮಿ ಕಾಯುತ್ತಿದ್ದ. ಕೈ ಮುಗಿಯುತ್ತಾನೆ ಎಂದು ಚಾಮಯ್ಯ ಅಂದುಕೊಂಡಿದ್ದ. ಅಂದುಕೊಂಡದ್ದಕ್ಕೆ ಆಮೇಲೆ ನಾಚಿದ. ಬೆಟ್ಟಸ್ವಾಮಿಯ ಮುಖದಲ್ಲಿ ಸಂತೋಷವಿರಲಿಲ್ಲ, ಏನನ್ನೋ ಎಣಿಸುತ್ತಿರುವ ಹಾಗಿತ್ತು.

"ತೊಂಬತ್ತಮೂರಾ ಸಾ?"

"ಹೂಂ ಕಣಯ್ಯ."

"ಅಂಗಾದ್ರೆ ಕರಿಯಯ್ಯಂದು?"

ಬೆಟ್ಟಸ್ವಾಮಿಗೆ ಮೊದಲು ಆ ರೂಟು ಓಡಿಸುತ್ತಿದ್ದವನು ಕರಿಯಯ್ಯ. ಐದು ವರ್ಷ ಒಂದು ನಿಮಿಷವೂ ತಡ ಮಾಡಿದವನಲ್ಲ, ಚಾಮಯ್ಯನೇ ಎಲ್ಲರ ಮುಂದೆ ಹೊಗಳುತ್ತಿದ್ದ ಡ್ರೈವರ್. ತೊಂಬತ್ತೆಂಟರಲ್ಲಿ ವಾಪಸ್ ಬರುವಾಗ ಗಾಡಿಗಳನ್ನು ದಾಟಿ ಹೊತ್ತು ಮುಟ್ಟಿಸಲು ಹೋಗಿ ನಾಲೆಯ ಸೇತುವೆಗೆ ಬಸ್ಸು ಬಡಿಸಿದ. ನಾಲ್ಕು ಜನಕ್ಕೆ ಏಟಾಯಿತು, ಕರಿಯಯ್ಯನ ಬಲಗೈ ಹೋಯಿತು. ಅತಿವೇಗ ಎಂದು ಕೆಲಸವೂ ಹೋಯಿತು. ಆ ದಾರಿಗೆ ಅರವತ್ತು ನಿಮಿಷ ಧಾರಾಳ ಸಾಕು, ವೇಗದ ಅಗತ್ಯವಿರಲಿಲ್ಲ ಎಂದು ಅವತ್ತು ಸಾಕ್ಷಿ ಹೇಳಿದವನು ಕಂಟ್ರೋಲರ್ ಚಾಮಯ್ಯ.

"ತಾಂಡವಪುರದಲ್ಲವ್ನೆ ಸಾ. ಎಡಗೈಲೇ ಬೀಡಿ ಅಂಗ್ಡಿ ಮಾಡ್ಕಂಡವ್ನೆ. ಇವತ್ಗೂ ಅಂತಾನೆ, ನಂದೇ ತಪ್ಪು, ಕಂಟ್ರೋಲರ್ ಸಾರು ಟೈಮ್ ಸರಿಯಾಗೇ ಕೊಟ್ಟಿದ್ರು ಅಂತ." ಬೆಟ್ಟಸ್ವಾಮಿ ಅಷ್ಟು ಹೇಳಿ, ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಳ್ಳುತ್ತ, ತನ್ನ ಸೈಕಲ್ಲಿನ ಕಡೆಗೆ ಹೋದ.

ಬಸ್ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸು ಹೊರಡಲು ನಿಂತಿತ್ತು. ಚಾಮಯ್ಯ ಕ್ಯಾಬಿನ್ನಿನ ಕಡೆಗೆ ಹೋಗದೆ ಹಿಂದಿನ ಬಾಗಿಲಿನಿಂದ ಹತ್ತಿ ಮೂವರ ಸೀಟಿನ ತುದಿಯಲ್ಲಿ ಕೂತ. ಕಂಡಕ್ಟರ್ ಹುಬ್ಬೇರಿಸಿಕೊಂಡು ಬಂದ.

"ಎಲ್ಲಿಗೆ ಸಾ?"

"ತಾಂಡವಪುರ."

"ಅಷ್ಟೇನಾ. ಹದಿನೈದು ನಿಮಿಷ," ಎಂದ ಕಂಡಕ್ಟರ್ ಟಿಕೆಟ್ಟು ಹರಿಯುತ್ತ. "ವಾಪಸ್ ಎಷ್ಟೊತ್ತಿಗೆ ಬತ್ತೀರಿ ಸಾ? ಕ್ಯಾಬಿನ್ನಲ್ಲಿ ಕೇಳಿದ್ರೆ ಏನ್ ಯೋಳ್ಳಿ?"

ಚಾಮಯ್ಯ ಟಿಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡ.

"ಗೊತ್ತಿಲ್ಲ ಕಣಯ್ಯ," ಎಂದ.